ಕಂಪವಾತದ ವಿದ್ಯುಚ್ಚಿಕಿತ್ಸೆಯೂ ರೋಗಿಯ ಸ್ವಭಾವವೂ

ಇಂಡಿ ತಾಲೂಕಿನ ಸಾಲೋಟಗಿಯ ಹೆಸರನ್ನು ಇತಿಹಾಸಜ್ಞರು ಮರೆಯದಂತೆ ಮಾಡಿರುವದು ಅಲ್ಲಿಯ ಒಂದು ಶಿಲಾಸ್ತಂಭವು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಕಾಲದಲ್ಲಿ, ಶಕವರ್ಷ 867ರಲ್ಲಿ, ಎಂದರೆ ಕ್ರಿ.ಶ. 945ರಲ್ಲಿ ಬರೆಯಿಸಿದ ಈ ಶಾಸನದಲ್ಲಿ, ಆಗ ಪಾವಿಟ್ಟಗೆಯೆಂದು ಕರೆಯಿಸಿಕೊಳ್ಳುತ್ತಿದ್ದ ಊರಿನ ಶಾಲೆಯೊಂದರ ವೃತ್ತಾಂತವಿದೆ. ಕೃಷ್ಣನ ಮಂತ್ರಿಯಾದ ನಾರಾಯಣನು ಆ ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಾಸಸ್ಥಾನಗಳು ಏರ್ಪಟ್ಟವು. ಆದರೆ ಶಾಸನದಲ್ಲಿ ಹೆಚ್ಚು ಮನನೀಯವಾದದ್ದು ಬೇರೆಯೇ ಇದೆ. ದೀಪಕ್ಕಾಗಿ 12 ನಿವರ್ತನ ಭೂಮಿ, ಅಧ್ಯಾಪಕನ ಜೀವಿಕೆಗೆ 50 ನಿವರ್ತನ, ಊರಲ್ಲಿ ಮದುವೆ, ಮುಂಜಿವೆ, ಚೌಲಗಳಾದಾಗ ಇಂತಿಷ್ಟು ಕಾಣಿಕೆ. ಹೀಗೆ ಕಟ್ಟಡವೆದ್ದ ಮರುದಿನದಿಂದ ಅದು ನಡೆಯಬೇಕಾದ ಬಗೆಯನ್ನು ದಾನಿಗಳು ಮೊದಲೇ ಗೊತ್ತುಪಡಿಸಿದರು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಈ ಬಗೆಯ ಮುಂದಾಲೋಚನೆಯು ತಡವಾಗಿ ಹುಟ್ಟಿದ ಪ್ರಸಂಗಗಳು ಹಲವು. ಕಂಪವಾತಕ್ಕೆ ಮಿದುಳಿನ ಆಳದಲ್ಲಿ ವಿದ್ಯುತ್ತನ್ನು ಹರಿಯಿಸುವ ಚಿಕಿತ್ಸೆಯ ಕಥೆಯು ಅವುಗಳಲ್ಲೊಂದು. ಆ ಚಿಕಿತ್ಸೆಯು ಕೈಯ ನಡುಕವನ್ನು ನಿಲ್ಲಿಸಿತು. ನಡುಕ ನಿಂತವನ ಮನೋವೃತ್ತಿಯು ಏನಾಗುವದೆಂಬ ಪ್ರಶ್ನೆಯನ್ನು ವೈದ್ಯಲೋಕವು ಕೇಳಿಕೊಂಡದ್ದು ಅನಂತರ.

ಈ ವಿಷಯವು ದೂರದ್ದೆಂದು ವಾಚಕರು ತಿಳಿಯಬಾರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಹಿರಿಯರು ನಡುಕ ಹತ್ತಿದಾಗ ಮೊದಲು ವಿಜಯಪುರಕ್ಕೊ ಸೊಲ್ಲಾಪುರಕ್ಕೊ ಹೋಗುವರು. ಗುಳಿಗೆಗಳ ಬಲ ಕುಂದಿದ ಮೇಲೆ ಮುಂಬಯಿ ಇಲ್ಲವೆ ಬೆಂಗಳೂರಿನ ದೊಡ್ಡ ದವಾಖಾನೆಗಳ ಹೆಸರು ಕಿವಿಗೆ ಬೀಳುವದು. ಅಲ್ಲಿ 'ಡೀಪ್ ಬ್ರೇನ್ ಸ್ಟಿಮ್ಯುಲೇಶನ್' ಅಥವಾ ಚಿಕ್ಕದಾಗಿ ಡಿ.ಬಿ.ಎಸ್. ಎಂದು ಹೇಳುವ ಚಿಕಿತ್ಸೆಯೇ ಇದು. ತಲೆಬುರುಡೆಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ತೆಳುವಾದ ತಂತಿಗಳನ್ನು ಮಿದುಳಿನ ಆಳಕ್ಕೆ ಇಳಿಸುವರು. ಅವುಗಳನ್ನು ಕುತ್ತಿಗೆಯ ಚರ್ಮದ ಒಳಗಿನಿಂದ ತಂದು ಎದೆಯ ಮೇಲ್ಭಾಗದಲ್ಲಿ ಹುದುಗಿಸಿದ ಪುಟ್ಟ ಬ್ಯಾಟರಿ ಪೆಟ್ಟಿಗೆಗೆ ಜೋಡಿಸುವರು. ಸೆಕೆಂಡಿಗೆ ಸುಮಾರು 130 ಸಾರೆ ವಿದ್ಯುತ್ತಿನ ಮಿಡಿತವು ಹಗಲೂ ರಾತ್ರಿಯೂ ಹರಿಯುವದು. ಖರ್ಚು ಹಲವು ಲಕ್ಷ ರೂಪಾಯಿ. ಹೊಲ ಒತ್ತೆಯಿಟ್ಟು ಈ ಹಣವನ್ನು ಕೂಡಿಸುವ ಮನೆಯವರು ಮುಂದಿನದನ್ನು ಕೂಡ ಅರಿತಿರುವದು ಅವಶ್ಯ.

ರೋಗವೇನೋ ಹಳೆಯದು. ಚರಕಸಂಹಿತೆಯು ಎಣಿಸುವ 80 ವಾತವಿಕಾರಗಳಲ್ಲಿ 'ವೇಪಥು' ಒಂದು. ಮಾಧವನಿದಾನದಲ್ಲಿ ಸರ್ವಾಂಗವೂ ಶಿರಸ್ಸೂ ನಡುಗುವ ವ್ಯಾಧಿಗೆ ಇದೇ ಹೆಸರು. ಇದೇ ಶಬ್ದವನ್ನು ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನು ತನ್ನ ಮೈನಡುಕಕ್ಕೆ ಬಳಸುವನು. ಅಲ್ಲಿ ನಡುಕದ ಮೂಲವು ದೇಹದಲ್ಲಿಲ್ಲ, ವಿಷಾದದಲ್ಲಿದೆ. ಒಂದೇ ಶಬ್ದವು ಶರೀರಕ್ಕೂ ಮನಸ್ಸಿಗೂ ಸಲ್ಲುತ್ತಿದ್ದ ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಯಾತಕ್ಕೆಂದರೆ ಪಾಶ್ಚಾತ್ಯ ವೈದ್ಯವು ಇವೆರಡನ್ನೂ ಬಿಡಿಸಿದ್ದರಿಂದಲೇ ಮುಂದಿನ ತೊಡಕು ಹುಟ್ಟಿತು.

ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ನನು 1817ರಲ್ಲಿ ನಡುಗುವ ಪಕ್ಷವಾತವನ್ನು ಕುರಿತು ಚಿಕ್ಕದೊಂದು ಗ್ರಂಥವನ್ನು ಪ್ರಕಟಿಸಿದನು. ಅವನು ವರ್ಣಿಸಿದವರು ಆರು ಜನ. ಅವರೊಳಗೆ ಕೆಲವರನ್ನು ಬೀದಿಯಲ್ಲಿ ಕಂಡು ಮಾತಾಡಿಸಿದ್ದಷ್ಟೆ. ಇಷ್ಟು ಅಲ್ಪ ಸಾಮಗ್ರಿಯಿಂದ ಇಷ್ಟು ನಿಖರವಾದ ಲಕ್ಷಣವನ್ನು ಕಟ್ಟಿದ್ದು ಮೆಚ್ಚತಕ್ಕ ಕೆಲಸವು. ಆದರೆ ಈ ರೋಗದಲ್ಲಿ ಇಂದ್ರಿಯಗಳಿಗೂ ಬುದ್ಧಿಗೂ ಬಾಧೆಯಿಲ್ಲವೆಂದು ಅವನು ಸೇರಿಸಿದ ಮಾತು ಅಷ್ಟೇ ನಿಖರವಾದದ್ದಲ್ಲ. ಪ್ಯಾರಿಸಿನ ಸಾಲ್ಪೆತ್ರಿಯೇರ್ ದವಾಖಾನೆಯ ಶಾರ್ಕೋ ಎಂಬ ಪ್ರಖ್ಯಾತ ವೈದ್ಯನು ರೋಗಕ್ಕೆ ಪಾರ್ಕಿನ್ಸನ್ನನ ಹೆಸರನ್ನೇ ಇಟ್ಟು ಗೌರವಿಸಿದನಾದರೂ, ವ್ಯಾಧಿ ಬಲಿತಂತೆ ಬುದ್ಧಿಯೂ ಮಸುಕಾಗುವದೆಂದು ತಿದ್ದಿದನು. ಹೆಸರು ಉಳಿಯಿತು; ತಿದ್ದುಪಡಿಯು ಬಹುಕಾಲ ಮೂಲೆಗೆ ಬಿದ್ದಿತು. ಕಂಪವಾತವೆಂದರೆ ಕೈಕಾಲಿನ ಬೇನೆಯೆಂದೇ ವೈದ್ಯರ ಪೀಳಿಗೆಗಳು ಓದಿಕೊಂಡು ಬಂದವು.

ಇಪ್ಪತ್ತನೆಯ ಶತಮಾನದಲ್ಲಿ ರೋಗದ ರಸಾಯನವು ಬಯಲಾದಾಗ ಭಾರತದ ಎರಡು ಗಿಡಗಳು ಆ ಚರಿತ್ರೆಯಲ್ಲಿ ಸೇರಿಕೊಂಡವು. ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಎಂಬ ದ್ರವ್ಯವನ್ನು ಕೊಟ್ಟರೆ ಮೊಲಗಳು ಮರದ ಗೊಂಬೆಗಳಂತೆ ನಿಶ್ಚಲವಾಗುವದನ್ನೂ, ಡೋಪಾ ಎಂಬ ಇನ್ನೊಂದು ದ್ರವ್ಯವನ್ನು ಕೊಟ್ಟೊಡನೆ ಅವು ಎದ್ದು ಓಡಾಡುವದನ್ನೂ ಸ್ವೀಡನ್ನಿನ ಕಾರ್ಲ್‌ಸನ್ 1957ರಲ್ಲಿ ತೋರಿಸಿಕೊಟ್ಟರು. ಈ ಡೋಪಾವು ಹೊಲದ ಬದುವಿನ ನಸುಗುನ್ನಿಯ ಬೀಜಗಳಲ್ಲಿ ಇರುವದೆಂದು ಮದರಾಸಿನ ದಾಮೋದರನ್, ರಾಮಸ್ವಾಮಿ ಎಂಬ ಇಬ್ಬರು ರಸಾಯನಜ್ಞರು 1937ರಲ್ಲಿಯೇ ಕಂಡುಹಿಡಿದಿದ್ದರು. ಮೈಗೆ ತಾಗಿದರೆ ತುರಿಕೆಯೆಬ್ಬಿಸುವ ಆ ಕಾಯಿಯ ಬೀಜವನ್ನು ಆಯುರ್ವೇದವು ಕಪಿಕಚ್ಛುವೆಂದು ಬಲ್ಲದು. 1961ರಲ್ಲಿ ವಿಯೆನ್ನಾದಲ್ಲಿ ಡೋಪಾವನ್ನು ರೋಗಿಗಳಿಗೆ ಕೊಟ್ಟು ಗುಣ ಕಂಡರು. 1967ರಲ್ಲಿ ಅಮೇರಿಕದ ಕೋಟ್ಜಿಯಾಸರು ದೊಡ್ಡ ಪ್ರಮಾಣದಲ್ಲಿ ಬಾಯಿಯಿಂದ ಕೊಡುವ ಕ್ರಮವನ್ನು ನೆಲೆಗೊಳಿಸಿದರು. ಹಾಸಿಗೆ ಹಿಡಿದವರು ಎದ್ದು ನಡೆದರು. ಕೆಲವು ವರ್ಷಗಳ ಮೇಲೆ ಗುಳಿಗೆಯ ಬಲವು ಹೊತ್ತುಹೊತ್ತಿಗೆ ಏರಿಳಿಯುವದೂ, ಮೈಯೆಲ್ಲ ತಾನಾಗಿ ಹೊರಳಾಡುವ ಹೊಸ ಕಾಟವೂ ತೋರಿದವು. ಆದಕಾರಣ ಶಸ್ತ್ರಕ್ರಿಯೆಗೆ ಎಡೆಯುಳಿಯಿತು.

ಶಸ್ತ್ರಕ್ರಿಯೆಯ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಪಾಲುಂಟು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಎಂ. ವರ್ಮಾ ಅವರು ಕಂಪವಾತಕ್ಕೆ ತಮ್ಮದೇ ಆದ ವಿಧಾನವನ್ನು ರೂಢಿಸಿದರು. ಬುರುಡೆಯನ್ನು ಕೊರೆಯದೆ, ಕೆನ್ನೆಯ ಮಾರ್ಗವಾಗಿ ಬುರುಡೆಯ ತಳದಲ್ಲಿರುವ ಸಹಜವಾದ ರಂಧ್ರದೊಳಗಿಂದ ಸೂಜಿಯನ್ನು ಏರಿಸಿ, ಥ್ಯಾಲಮಸ್ ಎಂಬ ಭಾಗವನ್ನು ಮುಟ್ಟುವ ಉಪಾಯವದು. ಈ ಸಂಸ್ಥೆಯು ಮಾನಸಿಕ ರೋಗಿಗಳ ಸರಕಾರಿ ದವಾಖಾನೆಯೊಡನೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಎನಿಸಿತು. ನರಗಳ ವೈದ್ಯನೂ ಮನಸ್ಸಿನ ವೈದ್ಯನೂ ಒಂದೇ ಆವರಣದಲ್ಲಿ ಕೂಡುವ ಈ ವ್ಯವಸ್ಥೆಯ ಬೆಲೆಯು ಮುಂದೆ ಹೇಳುವ ಸಂಗತಿಗಳಿಂದ ಗೊತ್ತಾಗುವದು. ಆ ಕಾಲದ ಶಸ್ತ್ರಕ್ರಿಯೆಯು ಎಲ್ಲಿ ನಡೆದರೂ ಮಿದುಳಿನ ಒಂದು ಬಿಂದುವನ್ನು ಸುಟ್ಟೊ ಕೊಂದೊ ನಡುಕವನ್ನು ನಿಲ್ಲಿಸುವಂಥದು. ಕೆಟ್ಟರೆ ಸರಿಪಡಿಸುವ ದಾರಿಯಿಲ್ಲ.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಪಟ್ಟಣದ ಬೆನಾಬಿಡ್ ಅವರು ಹೊಸ ಹಾದಿಯನ್ನು ತೆರೆದರು. ಸುಡುವ ಮೊದಲು ಸ್ಥಳವನ್ನು ಗುರುತಿಸಲು ವಿದ್ಯುತ್ತನ್ನು ಹಾಯಿಸಿ ನೋಡುವದು ವಾಡಿಕೆಯಿತ್ತು. ಮಿಡಿತದ ವೇಗವನ್ನು ಸೆಕೆಂಡಿಗೆ ಸುಮಾರು 100ಕ್ಕೆ ಏರಿಸಿದಾಗ ನಡುಕವು ತಾನಾಗಿ ನಿಂತಿತು, ವಿದ್ಯುತ್ತನ್ನು ತೆಗೆದಾಗ ಮರಳಿತು. ಹಾಗಾದರೆ ಸುಡುವದೇಕೆ, ತಂತಿಯನ್ನು ಅಲ್ಲಿಯೇ ಬಿಡಬಾರದೇಕೆ ಎಂದು ಅವರು ತರ್ಕಿಸಿದರು. ಅಮೇರಿಕದ ಡಿಲಾಂಗ್ ಮತ್ತವರ ಸಂಗಡಿಗರು 1990ರಲ್ಲಿ ಮಂಗಗಳ ಮೇಲೆ ನಡೆಸಿದ ಪ್ರಯೋಗದಿಂದ ಸಬ್‌ಥ್ಯಾಲಮಸ್ ಎಂಬ ನರಕೋಶಗಳ ಗುಂಪೇ ಕೀಲಕಸ್ಥಾನವೆಂದು ಗೊತ್ತಾಯಿತು; 1993ರಿಂದ ಗ್ರೆನೋಬಲಿನಲ್ಲಿ ತಂತಿಯನ್ನು ಅಲ್ಲಿಗೆ ಇಳಿಸತೊಡಗಿದರು. ಭಾರತದಲ್ಲಿ ಆ ದಶಕದ ಕೊನೆಗೆ ಮುಂಬಯಿಯಲ್ಲಿ ಈ ಚಿಕಿತ್ಸೆಯು ಮೊದಲಾಯಿತು. ಇಂದು ನಿಮ್ಹಾನ್ಸ್ ಮೊದಲಾದ ಕಡೆಗಳಲ್ಲಿ ನಡೆಯುತ್ತಲಿದೆ.

ಸಬ್‌ಥ್ಯಾಲಮಸ್ ಗುಂಪು ಕಡಲೆಕಾಳಿಗಿಂತ ದೊಡ್ಡದಲ್ಲ. ಇಷ್ಟು ಕಿರಿದಾದ ಸ್ಥಳದಲ್ಲಿ ಮೂರು ಬಗೆಯ ನರಮಾರ್ಗಗಳು ಒತ್ತೊತ್ತಾಗಿ ಕೂಡಿವೆ: ಅಂಗಚಲನದವು, ಆಲೋಚನೆಯವು, ಭಾವದವು. ಕೈಯನ್ನು ಆಡಿಸುವ ದಾರಿಗೆ ಕೊಟ್ಟ ವಿದ್ಯುತ್ತು ಒಂದೆರಡು ಮಿಲಿಮೀಟರು ಆಚೆಗೆ ಹರಿದರೆ ಭಾವದ ದಾರಿಯನ್ನು ತಟ್ಟುವದು. ಬುದ್ಧಿಗೆ ಬಾಧೆಯಿಲ್ಲವೆಂಬ 1817ರ ಮಾತಿನ ಭರವಸೆಯಲ್ಲಿದ್ದವರಿಗೆ ಇದು ಅನಿರೀಕ್ಷಿತವಾದ ಪಾಠವಾಯಿತು.

ಈ ಪಾಠದ ಅತ್ಯಂತ ಸ್ಪಷ್ಟವಾದ ನಿದರ್ಶನವು ಶಾರ್ಕೋ ಇದ್ದ ಅದೇ ಸಾಲ್ಪೆತ್ರಿಯೇರಿನಿಂದ 1999ರಲ್ಲಿ ಹೊರಬಿತ್ತು. 65 ವರ್ಷದ ಒಬ್ಬ ಹೆಣ್ಣುಮಗಳಿಗೆ ತಂತಿಗಳನ್ನು ಇಳಿಸಿದ ಮೇಲೆ, ಯಾವ ತುದಿಯಿಂದ ಎಷ್ಟು ಗುಣವೆಂದು ವೈದ್ಯರು ಒಂದೊಂದನ್ನಾಗಿ ಪರೀಕ್ಷಿಸುತ್ತಿದ್ದರು. ಅತಿ ಕೆಳಗಿನ ತುದಿಗೆ ವಿದ್ಯುತ್ತನ್ನು ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಆಕೆಯ ಮುಖವು ಕುಂದಿತು, ಕಣ್ಣೀರು ಸುರಿಯಿತು, ಬದುಕು ಸಾಕಾಯಿತು, ತನ್ನಿಂದ ಏನೂ ಆಗದು ಎಂದು ಹಲುಬತೊಡಗಿದಳು. ಆಕೆಗೆ ಹಿಂದೆಂದೂ ಖಿನ್ನತೆಯ ಬೇನೆಯಿದ್ದಿಲ್ಲ. ವಿದ್ಯುತ್ತನ್ನು ನಿಲ್ಲಿಸಿದ ಒಂದೂವರೆ ನಿಮಿಷದೊಳಗೆ ಆ ದುಃಖವೆಲ್ಲ ಬಿಟ್ಟುಹೋಗಿ ಆಕೆ ಮೊದಲಿನಂತೆ ಪ್ರಸನ್ನಳಾದಳು. ಆ ತುದಿಯು ಉದ್ದಿಷ್ಟ ಸ್ಥಳದಿಂದ ತುಸು ಕೆಳಗೆ, ನೆರೆಯ ಕಪ್ಪುಪದರದಲ್ಲಿ ಇತ್ತೆಂದು ಚಿತ್ರಪರೀಕ್ಷೆಯಿಂದ ತಿಳಿಯಿತು. ದುಃಖಕ್ಕೆ ಕಾರಣವು ಹೊರಗಿನ ಲೋಕದಲ್ಲಿರಬೇಕು, ಇಲ್ಲವೆ ಪೂರ್ವಸ್ಮೃತಿಯಲ್ಲಿರಬೇಕು ಎಂದು ನಂಬಿದವರು ಈ ಒಂದೂವರೆ ನಿಮಿಷವನ್ನು ಚೆನ್ನಾಗಿ ವಿಚಾರಿಸತಕ್ಕದ್ದು.

ಇದಕ್ಕೆ ವಿಪರೀತವಾದ ಪರಿಣಾಮವೂ ಉಂಟು. ಕೆಲವರಲ್ಲಿ ವಿದ್ಯುತ್ತು ಅತಿಯಾದ ಹರ್ಷವನ್ನೂ, ನಿದ್ದೆಯಿಲ್ಲದ ಉತ್ಸಾಹವನ್ನೂ, ಲೆಕ್ಕವಿಲ್ಲದ ಖರ್ಚನ್ನೂ ಹುಟ್ಟಿಸಿದೆ. ಇದರ ಒಂದು ಕಾರಣವನ್ನು ಅಮೇರಿಕದ ಮೈಕೇಲ್ ಫ್ರ್ಯಾಂಕ್ ಮತ್ತು ಸಂಗಡಿಗರು 2007ರಲ್ಲಿ ವಿವರಿಸಿದರು. ಎರಡು ಆಯ್ಕೆಗಳು ಸರಿಸಮವಾಗಿ ತೋರಿ ಕಠಿಣವಾದಾಗ ಮನುಷ್ಯನು ಸಹಜವಾಗಿ ತಡೆದು ಯೋಚಿಸುವನು. ವಿದ್ಯುತ್ತು ಹರಿಯುತ್ತಿರುವ ರೋಗಿಗಳು ಅಂಥ ಕಡೆಯಲ್ಲಿಯೇ ಮತ್ತಷ್ಟು ಬೇಗನೆ ನಿರ್ಣಯಿಸಿಬಿಡುವರೆಂದು ಅವರು ಕಂಡರು. ಇಳಿಜಾರಿನಲ್ಲಿ ಚಕ್ಕಡಿಯ ಎತ್ತುಗಳನ್ನು ಹಗ್ಗ ಜಗ್ಗಿ ಹಿಡಿಯುವಂತೆ, ಮನಸ್ಸನ್ನು ಕ್ಷಣಹೊತ್ತು ಹಿಡಿದು ನಿಲ್ಲಿಸುವ ಕೆಲಸವು ಸಬ್‌ಥ್ಯಾಲಮಸ್ಸಿನದು. ಕೈಕಾಲಿನ ಬಿಗಿತವನ್ನು ಸಡಿಲಿಸಲು ಹೋದಾಗ ಆ ಹಗ್ಗವೂ ಸಡಿಲವಾಗುವದುಂಟು.

2004ರಲ್ಲಿ ಹಾಲೆಂಡಿನ ವೈದ್ಯರು ಪ್ರಕಟಿಸಿದ ಪ್ರಕರಣವು ವೈದ್ಯರಷ್ಟೇ ಅಲ್ಲ, ನ್ಯಾಯಶಾಸ್ತ್ರಜ್ಞರೂ ತತ್ತ್ವಜ್ಞರೂ ಚರ್ಚಿಸಿದಂಥದು. 62 ವರ್ಷದ ಒಬ್ಬ ಗೃಹಸ್ಥನು ಚಿಕಿತ್ಸೆಯಿಂದ ಚೆನ್ನಾಗಿ ನಡೆದಾಡುವಂತಾದನು. ಆದರೆ ಕಾಲಾನಂತರ ಉನ್ಮಾದಕ್ಕೊಳಗಾಗಿ, ಶಕ್ತಿಮೀರಿ ವೆಚ್ಚ ಮಾಡಿ, ಸಾಲದ ಮಡುವಿನಲ್ಲಿ ಬಿದ್ದನು. ಔಷಧದಿಂದಾಗಲಿ, ವಿದ್ಯುತ್ತಿನ ಪ್ರಮಾಣವನ್ನು ಹೊಂದಿಸುವದರಿಂದಾಗಲಿ ಉಪಶಮನವಾಗಲಿಲ್ಲ. ಯಂತ್ರವು ನಿಂತಾಗ ಅವನ ಬುದ್ಧಿಯು ಸ್ವಚ್ಛ, ಆದರೆ ಮೈಯೆಲ್ಲ ಬಿಗಿದು ಹಾಸಿಗೆಯೇ ಗತಿ. ಯಂತ್ರವು ನಡೆದಾಗ ಮೈ ಹಗುರ, ಬುದ್ಧಿಯು ಹದ ತಪ್ಪಿದ್ದು. ಯಂತ್ರವನ್ನು ನಿಲ್ಲಿಸಿ, ವಿವೇಕಿಯಾಗಿದ್ದ ಸ್ಥಿತಿಯಲ್ಲಿಯೇ ವೈದ್ಯರು ಅವನ ಅಭಿಪ್ರಾಯವನ್ನು ಕೇಳಿದರು. ಯಂತ್ರವು ನಡೆಯಲಿ, ತನ್ನನ್ನು ಮಾನಸಿಕ ರೋಗಿಗಳ ದವಾಖಾನೆಯಲ್ಲಿ ಇರಿಸಿರಿ ಎಂದು ಅವನು ಆರಿಸಿಕೊಂಡನು. ಹಾಗೆಯೇ ನಡೆಯಿತು.

ವ್ಯಾಕರಣವನ್ನು ಓದಿದವರಿಗೆ ಇಲ್ಲಿ ಒಂದು ಕುತೂಹಲ ಹುಟ್ಟದಿರದು. ಪಾಣಿನಿಯ ಮತದಲ್ಲಿ ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಕ್ರಿಯೆಗೆ ಅತ್ಯಂತ ಸಾಧಕವಾದದ್ದು ಕರಣ. ಕರ್ತೃವನ್ನು ಪ್ರೇರಿಸುವವನು ಹೇತು. ಎದೆಯಲ್ಲಿ ಹುದುಗಿದ ಪೆಟ್ಟಿಗೆಯು ನಡೆಯುವವನಿಗೆ ಕರಣವಾಗಿದೆಯೆಂದು ಹೇಳಬಹುದು, ಕೊಡಲಿಯು ಕಡಿಯುವವನಿಗೆ ಹೇಗೋ ಹಾಗೆ. ಆದರೆ ಖರ್ಚು ಮಾಡಬೇಕೆಂಬ ಬಯಕೆಯೇ ಆ ಪೆಟ್ಟಿಗೆಯಿಂದ ಎದ್ದಿದ್ದರೆ, ಅದು ಕರಣದ ಸ್ಥಾನವನ್ನು ಬಿಟ್ಟು ಹೇತುವಿನ ಸ್ಥಾನಕ್ಕೆ ಏರಿದಂತಾಗುವದಿಲ್ಲವೇ? ಅಚೇತನವಾದ ಪೆಟ್ಟಿಗೆಗೆ ಹೇತುತ್ವವನ್ನು ಕೊಡಲು ನೈಯಾಯಿಕನು ಒಪ್ಪಲಿಕ್ಕಿಲ್ಲ; ಮನೆಯ ಜನರಂತೂ ಅಷ್ಟು ದೂರ ವಿಚಾರಿಸದೆ, ಮುಪ್ಪಿನಲ್ಲಿ ಯಜಮಾನನ ಬುದ್ಧಿ ಕೆಟ್ಟಿತೆಂದೇ ಆಡಿಕೊಳ್ಳುವರು. ನಿಜವಾದ ಅನ್ಯಾಯವು ಸಂಭವಿಸುವದು ಈ ಕೊನೆಯ ಮಾತಿನಲ್ಲಿ.

ಖಿನ್ನತೆಯ ಪರಿಣಾಮವು ಕೆಲವೊಮ್ಮೆ ಪ್ರಾಣಕ್ಕೇ ಮುಟ್ಟಿದೆ. ಚಿಕಿತ್ಸೆಯ ತರುವಾಯ ಖಿನ್ನತೆಯುಂಟಾಗಿ ಆತ್ಮಹತ್ಯೆಯ ಪ್ರಯತ್ನ ನಡೆದ ಸಂಗತಿಯನ್ನು ಮುಂಬಯಿಯ ಡಾ. ಪರೇಶ ದೋಶಿ ಮತ್ತು ಸಂಗಡಿಗರು 2002ರಲ್ಲಿಯೇ ಪ್ರಕಟಿಸಿ ಎಚ್ಚರಿಸಿದರು. ತಾವು ಆರಂಭಿಸಿದ ಚಿಕಿತ್ಸೆಯ ಕುಂದನ್ನು ತಾವೇ ಬರೆದಿಡುವದು ವೈದ್ಯರಿಗೆ ಭೂಷಣವಾದ ನಡತೆ. 2008ರಲ್ಲಿ ಹಲವು ದೇಶಗಳ 55 ಕೇಂದ್ರಗಳ ಲೆಕ್ಕವನ್ನು ಕೂಡಿಸಿ ನೋಡಿದಾಗ, 5,311 ರೋಗಿಗಳಲ್ಲಿ 24 ಜನರು ಆತ್ಮಹತ್ಯೆ ಮಾಡಿಕೊಂಡಿದ್ದರು, 48 ಜನರು ಪ್ರಯತ್ನಿಸಿದ್ದರು. ಅಪಾಯವು ಶಸ್ತ್ರಕ್ರಿಯೆಯ ಮೊದಲ ವರ್ಷದಲ್ಲಿಯೇ ಅತ್ಯಧಿಕ. ಆದರೂ ಇದರ ಪೂರ್ಣ ಹೊಣೆಯನ್ನು ವಿದ್ಯುತ್ತಿನ ಮೇಲೆ ಹೊರಿಸುವದು ಅವಸರದ ಮಾತಾದೀತು. ಅಮೇರಿಕದಲ್ಲಿ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆಯನ್ನೂ ಇನ್ನೊಂದಕ್ಕೆ ಔಷಧವನ್ನೂ ಕೊಟ್ಟು ಆರು ತಿಂಗಳು ನೋಡಿದ ಪರೀಕ್ಷೆಯಲ್ಲಿ ಈ ವಿಷಯದಲ್ಲಿ ಅಂತರವು ಕಾಣಲಿಲ್ಲವೆಂದು 2013ರಲ್ಲಿ ವರದಿಯಾಯಿತು. ಶಸ್ತ್ರಕ್ರಿಯೆಯ ತರುವಾಯ ಡೋಪಾ ಮೊದಲಾದ ಔಷಧಗಳನ್ನು ಬಹಳಷ್ಟು ಇಳಿಸುವರು. ಆ ಇಳಿತವು ತೀವ್ರವಾದರೆ ಮನಸ್ಸು ಬತ್ತಿದ ಕೆರೆಯಂತಾಗಿ ಯಾವದರಲ್ಲಿಯೂ ಆಸಕ್ತಿಯಿಲ್ಲದ ಜಡತೆಯು ಬರುವದು. ಇನ್ನೊಂದು ಕಡೆ, ಕೆಲವು ಔಷಧಗಳೇ ಜೂಜು, ಅತಿಖರ್ಚುಗಳ ಹುಚ್ಚನ್ನು ಹಿಡಿಸುವದುಂಟು. ಅಂಥವರಿಗೆ ಶಸ್ತ್ರಕ್ರಿಯೆಯಾಗಿ ಔಷಧ ಇಳಿದ ಮೇಲೆ ಆ ಹುಚ್ಚು ಬಿಟ್ಟುಹೋದದ್ದೂ ಇದೆ. ಹೀಗೆ ಒಂದೇ ಚಿಕಿತ್ಸೆಯು ಒಬ್ಬನ ಸ್ವಭಾವವನ್ನು ಕೆಡಿಸಿ, ಇನ್ನೊಬ್ಬನದನ್ನು ಮರಳಿಸಿದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಸಾಲ್ಪೆತ್ರಿಯೇರಿನವರೇ 2006ರಲ್ಲಿ ಪ್ರಕಟಿಸಿದ ಇನ್ನೊಂದು ಪರಿಶೀಲನೆ. 29 ರೋಗಿಗಳನ್ನು ಶಸ್ತ್ರಕ್ರಿಯೆಯ ಮೊದಲೂ ಅನಂತರವೂ ಕೂಡ್ರಿಸಿಕೊಂಡು ಮಾತಾಡಿಸಿದಾಗ, ಕೈಕಾಲು ಸರಿಯಾಗಿದ್ದವರಲ್ಲಿಯೇ ಹಲವರು ತಾವು ತಮಗೇ ಅಪರಿಚಿತರಾದಂತೆ ತೋರುವದೆಂದು ಹೇಳಿದರು. ಮೊದಲು ಉದ್ಯೋಗದಲ್ಲಿದ್ದವರಲ್ಲಿ ಎಲ್ಲರೂ ಉದ್ಯೋಗಕ್ಕೆ ಮರಳಲಿಲ್ಲ. ಗಂಡಹೆಂಡಿರ ನಡುವೆ ಬಿರುಕುಗಳು ಹೆಚ್ಚಿದವು. ಇದಕ್ಕೆ ತಂತಿಯೊಂದೇ ಕಾರಣವಲ್ಲ. ಹತ್ತು ಹನ್ನೆರಡು ವರ್ಷ ಗಂಡನಿಗೆ ಉಣಿಸಿ, ಗುಂಡಿ ಹಾಕಿ, ಕೈಹಿಡಿದು ನಡೆಸಿದ ಹೆಂಡತಿಯ ಬಾಳು ಆ ಶುಶ್ರೂಷೆಯ ಸುತ್ತಲೇ ಹೆಣೆದಿರುವದು. ಗಂಡನು ಒಂದೇ ತಿಂಗಳಲ್ಲಿ ಎದ್ದು ತಿರುಗಾಡತೊಡಗಿ, ಪಂಚರಲ್ಲಿ ಕುಳಿತು, ಹೊಲದ ವ್ಯವಹಾರವನ್ನು ಮಗನ ಕೈಯಿಂದ ಮರಳಿ ಕೇಳಿದರೆ, ಮನೆಯ ತೂಕವೇ ತಪ್ಪುವದು. ವೈದ್ಯನು ಎಣಿಸುವದು ನಡುಕವನ್ನು. ಮನೆಯವರು ಎಣಿಸುವದು ಮಾತನ್ನು. ಈ ಚಿಕಿತ್ಸೆಯಾದವರಿಗೆ ಶಬ್ದಗಳು ಮೊದಲಿನಷ್ಟು ಬೇಗನೆ ನಾಲಿಗೆಗೆ ಬಾರದಿರುವದೂ ಸಾಮಾನ್ಯವಾಗಿ ಕಂಡ ಪರಿಣಾಮ. ಮನೆಯವರು ಅದನ್ನು ಮುನಿಸೆಂದು ತಿಳಿಯುವದು ಸಹಜ.

ಈಗ ಪದ್ಧತಿಯು ಬಹಳ ಸುಧಾರಿಸಿದೆ. ಶಸ್ತ್ರಕ್ರಿಯೆಗೆ ಮೊದಲೇ ಮನೋವೈದ್ಯರು ರೋಗಿಯನ್ನು ಪರೀಕ್ಷಿಸುವರು. ತೀವ್ರ ಖಿನ್ನತೆಯಾಗಲಿ ಬುದ್ಧಿಭ್ರಂಶವಾಗಲಿ ಕಂಡರೆ ತಂತಿಯನ್ನು ಇಳಿಸಲು ಹೋಗುವದಿಲ್ಲ. ವಿದ್ಯುತ್ತನ್ನು ಬೇಕಾದ ದಿಕ್ಕಿಗಷ್ಟೇ ಹರಿಯಿಸುವ ತಂತಿಗಳು ಬಂದಿವೆ. ಮಿದುಳಿನ ತರಂಗಗಳನ್ನು ತಾನೇ ಓದಿ ಪ್ರಮಾಣವನ್ನು ಹೊಂದಿಸಿಕೊಳ್ಳುವ ಯಂತ್ರಕ್ಕೆ 2025ರಲ್ಲಿ ಅಮೇರಿಕದಲ್ಲಿ ಮಾನ್ಯತೆ ದೊರೆಯಿತು. ಆದರೆ ಸಾಲೋಟಗಿಯಂಥ ಊರಿನಿಂದ ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ಯಂತ್ರವನ್ನು ಹೊಂದಿಸುವ ಕೆಲಸವು ಒಂದೇ ಭೇಟಿಯಲ್ಲಿ ತೀರುವಂಥದಲ್ಲ. ಮೊದಲಿನ ತಿಂಗಳುಗಳಲ್ಲಿ ಹಲವು ಸಾರೆ ಹೋಗಬೇಕು. ಆ ಭೇಟಿಗಳಲ್ಲಿ ರೋಗಿಯೊಬ್ಬನೇ ಹೋದರೆ ಸಾಲದು. ಉನ್ಮಾದದಲ್ಲಿರುವವನು ತನಗೆ ಪರಮಸುಖವೆಂದೇ ಹೇಳುವನು. ಅವನ ನಿದ್ದೆ ಹೋದದ್ದನ್ನೂ ದುಡ್ಡು ಹೋದದ್ದನ್ನೂ ಹೇಳಬೇಕಾದವರು ಹೆಂಡತಿಮಕ್ಕಳು.

ಕಾಯಿದೆಯ ನೆರವೂ ತಕ್ಕಮಟ್ಟಿಗೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು, ಮುಂದೆ ತನಗೆ ಮಾನಸಿಕ ಅಸ್ವಾಸ್ಥ್ಯವು ಬಂದರೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬದನ್ನು ಮುಂಚೆಯೇ ಬರೆದಿಡಲಿಕ್ಕೂ, ತನ್ನ ಪರವಾಗಿ ಮಾತಾಡುವವರನ್ನು ನೇಮಿಸಲಿಕ್ಕೂ ಪ್ರೌಢವ್ಯಕ್ತಿಗೆ ಅಧಿಕಾರ ಕೊಟ್ಟಿದೆ. ತಂತಿ ಇಳಿಸುವ ಮೊದಲು, ಬುದ್ಧಿಯು ತಿಳಿಯಾಗಿರುವಾಗಲೇ ಇದನ್ನು ಬರೆದಿಡುವದು ಉಚಿತ. ಆಸ್ತಿಯ ಮಾತು ಬೇರೆ. 1872ರ ಕರಾರು ಕಾಯಿದೆಯ 12ನೆಯ ಕಲಮಿನಂತೆ, ಸಾಮಾನ್ಯವಾಗಿ ಸ್ವಸ್ಥಚಿತ್ತನಿದ್ದು ನಡುನಡುವೆ ಅಸ್ವಸ್ಥನಾಗುವವನು ಅಸ್ವಸ್ಥನಿರುವ ಕಾಲದಲ್ಲಿ ಕರಾರು ಮಾಡುವಂತಿಲ್ಲ. ಚಿತ್ತದ ಏರಿಳಿತವು ಒಂದು ಗುಂಡಿಯನ್ನು ಒತ್ತುವದರಿಂದ ಆಗಬಹುದೆಂಬ ಕಲ್ಪನೆಯು ಆ ಕಾಯಿದೆಯನ್ನು ಬರೆದವರಿಗೆ ಇರಲು ಸಾಧ್ಯವಿದ್ದಿಲ್ಲ. ಆದಕಾರಣ ಹೊಲಮನೆಗಳ ಮಾರಾಟದಂಥ ಕಾಗದಕ್ಕೆ ಇಂಥ ರೋಗಿಯು ಸಹಿ ಮಾಡುವ ಪ್ರಸಂಗ ಬಂದರೆ, ಯಂತ್ರವು ಆ ದಿವಸ ಯಾವ ಪ್ರಮಾಣದಲ್ಲಿ ನಡೆಯುತ್ತಿತ್ತು, ಅದನ್ನು ಕಡೆಯ ಸಾರೆ ಬದಲಿಸಿದ್ದು ಯಾವಾಗ ಎಂಬ ದವಾಖಾನೆಯ ಚೀಟಿಯನ್ನು ಆ ಕಾಗದಪತ್ರಗಳ ಜೊತೆಗೇ ಕಟ್ಟಿಡುವದು ಲೇಸು.